ಷಡ್ಡಕರ ಜೀರ್ಣೋದ್ಧಾರ

ಹಳೆಯ ವಸ್ತುವನ್ನು ರಿಪೇರಿ ಮಾಡಿ ಬಳಸುವವರು ಬೇರೆ, ರಿಪೇರಿ ಮಾಡುವುದಕ್ಕೆಂದೇ ಹಳೆಯ ವಸ್ತು ಹುಡುಕಿ ತರುವವರು ಬೇರೆ. ನನ್ನ ಷಡ್ಡಕರು ಎರಡನೆಯ ಪಂಗಡದ ಪೀಠಾಧಿಪತಿಗಳು. ಸ್ಕೂಟರ್, ವಾಲ್ವ್ ರೇಡಿಯೋ, ಗೋಡೆ ಗಡಿಯಾರ ಎಲ್ಲ ಮುಗಿದು ಈಗ ಎಲೆಕ್ಟ್ರಿಕ್ ಗಿಟಾರ್ ನಡೆಯುತ್ತಿದೆ. ಕಲ್ಕತ್ತೆಯಲ್ಲಿ ತಯಾರಾದದ್ದು, 1954ರಲ್ಲಿ ಅಮೆರಿಕದಲ್ಲಿ ಬಂದ ಸ್ಟ್ರಾಟೊಕಾಸ್ಟರ್‌ನ ಪಡಿಯಚ್ಚು. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ನುಡಿಸಿ ಸುಸ್ತಾದ ಯಾರಿಂದಲೋ ತಂದರಂತೆ.

ಮೊಣಕೈ ತಾಗುವ ಕಡೆ ಬಣ್ಣ ಸವೆದು ಮರ ಕಾಣುತ್ತಿತ್ತು. "ಬಣ್ಣ ಹೊಡೆಸಿಬಿಡಿ" ಎಂದೆ.

"ಏನ್ರೀ ಹೀಗಂತೀರಿ? ಐರ್ಲೆಂಡಿನ ರೋರಿ ಗ್ಯಾಲಹರ್‌ನ 1961ರ ಸ್ಟ್ರಾಟ್ ಮೇಲೆ ಬಣ್ಣವೇ ಉಳಿದಿರಲಿಲ್ಲ. ಈಗ ಹೊಸ ಗಿಟಾರನ್ನೇ ಕೆರೆದು, ಹಳೇದು ಮಾಡಿ, ಜಾಸ್ತಿ ಬೆಲೆಗೆ ಮಾರ್ತಾರೆ."

"ಹಾಗಾದ್ರೆ ನಮ್ಮನೆ ಗೋಡೆಗೂ ಒಳ್ಳೇ ರೇಟ್ ಬರುತ್ತೆ ಬಿಡಿ" ಎಂದು ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು.

ಗಿಟಾರಿನ ಕತ್ತಿನೊಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ತಿರುಗಿಸಿ ಒಂದು ದಿನ ಕಾಯುವಷ್ಟು ತಾಳ್ಮೆ ಈ ಮನುಷ್ಯನಿಗಿದೆ. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಲೇ ಇದೆ, ಅದು ಬೇರೆ ವಿಷಯ.

ನನ್ನ ಪಾಲಿನ ಶನಿ ಎಂದರೆ ಗಿಟಾರಿನ 'ಗುಂಯ್' ಶಬ್ದ. ಎಸ್.ಪಿ. ರೋಡಿನಿಂದ 250 ಕಿಲೋ ಓಮ್‌ನ ವಾಲ್ಯೂಮ್ ಕಂಟ್ರೋಲ್ ತಂದು ಬೆಸುಗೆ ಹಾಕಿದ್ದಾಯಿತು. ಕರಕರ ನಿಂತಿತು, ಗುಂಯ್‌ಗುಡುವುದು ನಿಲ್ಲಲಿಲ್ಲ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಪಿಕಪ್ಪು, ತಂತಿಯ ಮಿಡಿತದ ಜೊತೆ ಮನೆಯ ಕರೆಂಟನ್ನೂ ಹಾಡಿಸುತ್ತದೆ. ಇದನ್ನಡಗಿಸಲು ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲೇ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿದ ಕಥೆಯನ್ನು ನಾನೀಗ ನಿದ್ದೆಯಲ್ಲೂ ಹೇಳಬಲ್ಲೆ.

"ಅದನ್ನೇ ಹಾಕಿಬಿಡಿ ಮತ್ತೆ."

"ಒರಿಜಿನಲ್ ಹೋಗುತ್ತಲ್ರೀ!"

ಸರಿ, ಶಬ್ದದ ಮೂಲ ಶೋಧನೆ ಶುರುವಾಯಿತು. ಟ್ಯೂಬ್‌ಲೈಟ್ ಆಫ್, ಫ್ಯಾನ್ ಆಫ್, ಯುಪಿಎಸ್ ಆಫ್, ಫ್ರಿಜ್ ಆಫ್. ಅಕ್ಕಿ ಅರ್ಧ ರುಬ್ಬಿದ್ದ ಗ್ರೈಂಡರೂ ನಿಂತಿತು. ತಂತಿಗೆ ಕೈಯಿಟ್ಟರೆ ಗುಂಯ್ ಕಡಿಮೆಯಾಗುತ್ತದೆಂಬುದು ಹಾಗೆ ಪತ್ತೆಯಾಯಿತು. ಅಂದಿನಿಂದ ನಾನು ಆ ಮನೆಯ ಅರ್ಥಿಂಗ್. "ಕೈ ತೆಗೀರಿ... ಇಡಿ... ವ್ಯತ್ಯಾಸ ಗೊತ್ತಾಯ್ತಾ?" ಹಾರ್ಮೋನಿಯಂಗೂ ಮಿಕ್ಸಿಗೂ ವ್ಯತ್ಯಾಸ ತಿಳಿಯದ ಕಿವಿ ನನ್ನದು. ಆದರೂ ಕತ್ತಲಲ್ಲಿ ಕೂತು ಗಂಭೀರವಾಗಿ ತಲೆಯಾಡಿಸಿದೆ. ಒಳಗಿನಿಂದ ಪ್ರಶ್ನೆ ಬಂತು: "ನಾಳೆ ಇಡ್ಲಿಗೆ ಗಿಟಾರನ್ನೇ ಬೇಯಿಸಲಾ?"

ಬೈಯೋಣವೆಂದರೆ ಬಾಯಿ ಬರುವುದಿಲ್ಲ. 1981ರಲ್ಲಿ 'ಗೀತಾ' ಸಿನಿಮಾ ಬಂದಾಗ ಷಡ್ಡಕರು ಪಿಯುಸಿ. ಶಂಕರ್‌ನಾಗ್ ಕೈಯಲ್ಲಿದ್ದಂಥ ಗಿಟಾರ್ ತನಗೂ ಬೇಕೆಂದಾಗ ಅಪ್ಪ ಕೊಡಿಸಿದ್ದು ಬ್ಯಾಂಕ್ ಪರೀಕ್ಷೆಯ ಗೈಡು. ಪರೀಕ್ಷೆ ಪಾಸಾಯಿತು, ಮೂರು ಜಿಲ್ಲೆ ಸುತ್ತಿದ್ದಾಯಿತು, ಸಾಲದ ಫೈಲುಗಳಿಗೆ ಸಹಿ ಹಾಕಿಹಾಕಿ ಬೆರಳು ಬಿಗಿಯಿತು. ಇದನ್ನೆಲ್ಲ ಅವರು ಹೇಳಿದ್ದು ಬೆಸುಗೆ ಹಾಕುತ್ತ, ನನ್ನತ್ತ ನೋಡದೆ.

ಕಳೆದ ಭಾನುವಾರ ಗಿಟಾರಿನ ಹೊಟ್ಟೆಯೊಳಗೆ ತಾಮ್ರದ ಹಾಳೆ ಅಂಟಿಸಿದರು. ಗುಂಯ್ ಮುಕ್ಕಾಲು ಪಾಲು ಅಡಗಿತು. ನಾನು ಬಿಡುಗಡೆಯ ಉಸಿರು ಬಿಟ್ಟು, "ಇನ್ನೇನು, ನುಡಿಸಿ!" ಎಂದೆ.

"ಅದಕ್ಕೇನವಸರ? ಬಿರಡೆಗಳು ಸಡಿಲ ಇವೆ. ಮುಂದಿನ ವಾರ ಬನ್ನಿ, ಹಿಡ್ಕೊಳ್ಳೋಕೆ ಒಬ್ಬರು ಬೇಕು."