ಡಾಬಕಾ ಜಂಕ್ಷನ್ನಿನ ಮಸಿ

ಡಾಬಕಾಕ್ಕೆ ರೈಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಮನೆಯ ಪಡಸಾಲೆಯಲ್ಲಿದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ ಎರಡು ಪ್ಲಾಟ್‌ಫಾರ್ಮು, ಒಂದು ಸುರಂಗ, ಒಂದು ಲೆವೆಲ್ ಕ್ರಾಸಿಂಗು. ಜನ ಕೂರುವಂಥ ರೈಲೇ ಬೇಕು ಎನ್ನುವವರು ಕಮಲನಗರಕ್ಕೋ ಭಾಲ್ಕಿಗೋ ಹೋಗಲಿ, ಬೇಡ ಎಂದವರು ಯಾರು? ಬೀದರ್–ಕಲಬುರಗಿ ನಡುವಿನ 110 ಕಿಲೋಮೀಟರ್ ಮಾರ್ಗ ಮುಗಿದು, 2017ರ ಅಕ್ಟೋಬರ್ 29ರಂದು ಪ್ರಧಾನಿ ಬಂದು ನಿಶಾನೆ ತೋರಿಸುವಷ್ಟರಲ್ಲಿ ಎಷ್ಟೋ ಸರ್ಕಾರಗಳು ಬಂದುಹೋಗಿದ್ದವು. ನನ್ನ ಮಾರ್ಗ ಒಂದೇ ದೀಪಾವಳಿ ರಜೆಯಲ್ಲಿ ಮುಗಿಯಿತು. ನಿಶಾನೆ ತೋರಿಸಿದ್ದು ಮೊಮ್ಮಗಳು, ಅವಳ ಅಜ್ಜಿಯ ಹಸಿರು ಕುಪ್ಪಸದ ತುಂಡಿನಿಂದ.

ಈ ಹುಚ್ಚು ಹತ್ತಿದ್ದು ಪುಣೆಯಲ್ಲಿ. ಅಲ್ಲಿನ ಕೋಥ್ರೂಡಿನಲ್ಲಿ ಭಾವು ಜೋಶಿ ಎಂಬವರು ಕಟ್ಟಿದ, 1998ರಲ್ಲಿ ತೆರೆದ ಪುಟ್ಟ ರೈಲುಗಳ ಮ್ಯೂಸಿಯಂ ಇದೆ. ಆ ರೈಲುಗಳು ಎಲ್ಲೂ ತೊದಲದೆ ಓಡುವುದನ್ನು ಬಾಯಿ ತೆರೆದು ನೋಡಿದೆ. ಅವುಗಳ ಹಿಂದೆ ಎಷ್ಟು ಕೈಗಳು ಎಷ್ಟು ತಿಕ್ಕಿರಬೇಕು ಎಂಬುದು ಆಗ ಹೊಳೆಯಲಿಲ್ಲ. ಅಳಿಯ ಜರ್ಮನಿಯಿಂದ ಒಂದು ಸೆಟ್ಟು ತಂದುಕೊಟ್ಟ ಮೇಲೆ ಹೊಳೆಯತೊಡಗಿತು. ಇದು ಎಚ್‌ಓ ಅಳತೆಯದು, ಅಂದರೆ ಅಸಲಿಯ 87ರಲ್ಲೊಂದು ಪಾಲು. ನಿಜಾಮರ ಕಾಲದಿಂದ ಬೀದರಿನದು 1,676 ಮಿಲಿಮೀಟರ್ ಬ್ರಾಡ್‌ಗೇಜ್. ನನ್ನ ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 1,435, ಯುರೋಪಿನ ಗೇಜು. ಹೀಗಾಗಿ ನಿಜಾಮರು ಕೊಟ್ಟುಹೋದ ಅಗಲದಲ್ಲಿ ಒಂದಿಷ್ಟನ್ನು ನಾನು ಕಳೆದಿದ್ದೇನೆ. ಇದುವರೆಗೆ ಯಾರೂ ತಕರಾರು ತೆಗೆದಿಲ್ಲ.

ರೈಲು ಚಿಕ್ಕದಾದರೂ ಧೂಳು ಚಿಕ್ಕದಾಗುವುದಿಲ್ಲ ನೋಡಿ, ತೊಂದರೆ ಇರುವುದೇ ಅಲ್ಲಿ. ಒಂದು ಜೋಳದ ಕಾಳು ಹಳಿಯ ಮೇಲೆ ಬಿದ್ದರೆ ನನ್ನ ಡ್ರೈವರನ ಕಣ್ಣಿಗೆ ಅದು ಒಂದಡಿ ದಾಟಿದ ಬಂಡೆ. ಹಲ್ಲಿ ಹಳಿ ದಾಟಿದರೆ ಹತ್ತು ಮೀಟರಿನ ಮೊಸಳೆ. ನಮ್ಮದೋ ಮಣ್ಣಿನ ಮಾಳಿಗೆ ಮನೆ. ಮೇಲೆ ಬೆಕ್ಕು ನಡೆದರೆ ಕೆಳಗೆ ಸುರಂಗದ ಬಾಯಿಯಲ್ಲಿ ಭೂಕುಸಿತ. ಅದಕ್ಕೆಂದು ತೊಲೆಗಳಿಗೆ ಹೆಂಡತಿಯ ಹಳೆ ಸೀರೆ ಕಟ್ಟಿದೆ. ಮಣ್ಣು ನಿಂತಿತು, ಸೀರೆಯ ಎಳೆಗಳು ಉದುರತೊಡಗಿದವು. ಅವು ಎಂಜಿನ್ನಿನ ಗಾಲಿಯ ಅಚ್ಚಿಗೆ ಸುತ್ತಿಕೊಳ್ಳುತ್ತವೆ. ಎಂಜಿನ್ನನ್ನು ಅಂಗಾತ ಮಲಗಿಸಿ, ಕನ್ನಡಕ ಹಣೆಗೇರಿಸಿ, ಚಿಮಟದಿಂದ ಒಂದೊಂದೇ ಎಳೆ ಬಿಡಿಸಬೇಕು. ಮೊನ್ನೆ ಬಂದದ್ದು ನೇರಳೆ ಎಳೆ. "ಅದು ನನ್ನ ತವರಿನ ಸೀರಿ" ಎಂದಳು ಆಕೆ, ಎಳೆ ನೋಡಿಯೇ.

ಇನ್ನು ಸೋಯಾ ರಾಶಿ ಶುರುವಾದರೆ ಮುಗಿಯಿತು. ಮಷೀನು ಊರಿನ ಯಾವ ಮೂಲೆಯಲ್ಲಿ ಕೂಗಿದರೂ ಹೊಟ್ಟು ನೇರ ನಮ್ಮ ಪ್ಲಾಟ್‌ಫಾರ್ಮಿಗೇ ಟಿಕೆಟ್ ಇಲ್ಲದೆ ಬಂದಿಳಿಯುತ್ತದೆ. ಸೋಯಾ ಮುಗಿಯಿತೆನ್ನುವಷ್ಟರಲ್ಲಿ ತೊಗರಿ.

ಆದರೂ ಧೂಳನ್ನು ಬೈದು ಸುಮ್ಮನಾಗುವಂತಿಲ್ಲ. ಹಳಿ ಕಪ್ಪಾಗುವುದು ಧೂಳಿಂದಷ್ಟೇ ಅಲ್ಲ. ನನ್ನ ಎಂಜಿನ್ನಿಗೆ ಬೇಕಾದ ಹನ್ನೆರಡು ವೋಲ್ಟ್ ವಿದ್ಯುತ್ತು ಹಳಿಗಳಿಂದ ಗಾಲಿಗಳ ಮೂಲಕ ಹತ್ತಬೇಕು. ಗಾಲಿಗೂ ಹಳಿಗೂ ತಾಗುವ ಜಾಗ ಸಾಸಿವೆ ಕಾಳಿನಷ್ಟೂ ಇಲ್ಲ. ಓಡುವಾಗ ಅಲ್ಲಿ ಕಣ್ಣಿಗೆ ಕಾಣದ ಕಿಡಿಗಳು ಹಾರಿ ಲೋಹ ಸುಡುತ್ತದೆ. ಅದಕ್ಕೆ ಎಣ್ಣೆಯ ಪಸೆ, ಧೂಳು ಕೂಡಿ ಮಸಿಯಾಗುತ್ತದೆ. ಅಂದರೆ ರೈಲು ಓಡಿಸಿದರೆ ಹಳಿ ಕೊಳೆಯಾಗುತ್ತದೆ. ಓಡಿಸದೆ ಬಿಟ್ಟರೆ ಗಾಳಿ ತಾಗಿ ಮಂಕಾಗುತ್ತದೆ. ಇಂಥ ನ್ಯಾಯ ನಾನು ತಹಶೀಲಿ ಕಚೇರಿಗಳ ಹೊರಗೆ ಎಲ್ಲೂ ಕಂಡಿಲ್ಲ.

ತಮಾಷೆಯೆಂದರೆ ನಮ್ಮ ಜಿಲ್ಲೆಗೆ ಹೆಸರು ಬಂದಿರುವುದೇ ಲೋಹ ಕಪ್ಪು ಮಾಡಿ. ಸತುವಿಗೆ ಚೂರು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ ಅದರಲ್ಲಿ ಅದ್ದುತ್ತಾರೆ. ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. ಅದು ಬಿದ್ರಿ, 2006ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ನನ್ನ ಹಳಿಯಲ್ಲೂ ತಾಮ್ರವಿದೆ, ಸತುವಿದೆ, ಜೊತೆಗೆ ನಿಕ್ಕಲ್. ಕಪ್ಪಾಗುವ ಕೆಲಸ ತಾನಾಗಿಯೇ ನಡೆಯುತ್ತದೆ, ಕೋಟೆಯ ಮಣ್ಣೂ ಬೇಕಿಲ್ಲ. ಆದರೆ ಅಲ್ಲಿ ಕಪ್ಪು ಮಾಡಿದವನಿಗೆ ಪ್ರಶಸ್ತಿ, ಇಲ್ಲಿ ಕಪ್ಪು ತೆಗೆದವನಿಗೆ ತಣ್ಣಗಾದ ಚಹಾ.

ಉಪಾಯ ಹೇಳುವವರಿಗೆ ಊರಲ್ಲಿ ಬರವಿಲ್ಲ. ಹೆಂಡತಿ ಹುಣಸೆಹಣ್ಣು ಎಂದಳು. ತಂಬಿಗೆಗೆ ಆದೀತು, ಕರೆಂಟಿನ ಹಳಿಗೆ ಹುಳಿನೀರು ಬೇಡ. ಬಡಗಿ ಸ್ಯಾಂಡ್‌ಪೇಪರ್ ಎಂದ. ಅದು ಹಳಿಯ ಮೈಗೆ ಗೀರು ಹಾಕುತ್ತದೆ, ಆ ಗೀರುಗಳೊಳಗೆ ಮಸಿ ಸಂಸಾರ ಹೂಡುತ್ತದೆ. ಸರಿಯಾದದ್ದು ಐಸೊಪ್ರೊಪೈಲ್ ಆಲ್ಕೋಹಾಲ್. ಮೆಡಿಕಲ್ ಅಂಗಡಿಯವ ಬಾಟಲಿ ಕೊಡುವ ಮುಂಚೆ "ಯಾರಿಗಿ ಗಾಯ ಆಗ್ಯಾದ್ರಿ?" ಎಂದು ಕೇಳಿದ. ರೈಲಿಗೆ ಎಂದೆ. ಬಾಟಲಿಯನ್ನು ಒಂದು ಗಳಿಗೆ ತನ್ನ ಕಡೆಗೇ ಎಳೆದುಕೊಂಡ. ಈಚೆಗೆ ಅಮೆರಿಕದ ಹವ್ಯಾಸಿಗಳು ಅದನ್ನೂ ಪ್ರಶ್ನಿಸುತ್ತಿದ್ದಾರೆ: ಆಲ್ಕೋಹಾಲಿನಿಂದ ಒರೆಸಿದ ಹಳಿ ಬೇಗ ಮತ್ತೆ ಕಪ್ಪಾಗುತ್ತದೆ, ಸೀಮೆಎಣ್ಣೆಯೇ ವಾಸಿ ಎಂದು ವಾದ. ರೇಷನ್ ಅಂಗಡಿಯಲ್ಲಿ ಚಿಮಣಿ ಎಣ್ಣಿ ಸಿಗುತ್ತಿದ್ದ ಕಾಲದಲ್ಲಿ ಈ ಜ್ಞಾನ ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಗಾಲಿ ಒರೆಸುವುದು ಮಾತ್ರ ಸೊಗಸಿನ ಕೆಲಸ. ಹಳೆ ಧೋತರದ ತುಂಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಳಿಗಳ ಮೇಲೆ ಅಡ್ಡಡ್ಡ ಹಾಸುತ್ತೇನೆ. ಎಂಜಿನ್ನಿನ ಮುಂದಿನ ಗಾಲಿಗಳನ್ನು ಬಟ್ಟೆಯ ಮೇಲಿಟ್ಟು, ಹಿಂದಿನವನ್ನು ಬರಿ ಹಳಿಯ ಮೇಲಿಟ್ಟು, ಕೈಯಲ್ಲಿ ಹಿಡಿದು ಕರೆಂಟು ಕೊಡುತ್ತೇನೆ. ಗಾಲಿಗಳು ನಿಂತಲ್ಲೇ ಗಿರ್ರನೆ ತಿರುಗುತ್ತವೆ. ಬಟ್ಟೆಯ ಮೇಲೆ ಕಾಡಿಗೆಯಂಥ ಎರಡು ಗೆರೆ ಮೂಡುತ್ತವೆ. ಆಮೇಲೆ ತಿರುಗಿಸಿಟ್ಟು ಹಿಂದಿನ ಗಾಲಿಗಳ ಸರದಿ. ಹೊಸ ಬಟ್ಟೆಯ ಮೇಲೆ ಗೆರೆ ಬೀಳದಿದ್ದರೆ ಅವತ್ತು ನನ್ನ ಊಟ ಎರಡು ರೊಟ್ಟಿ ಹೆಚ್ಚು.

ಪಕ್ಕದ ಮನೆಯ ಕಾಕಾ ಹೊಲದಿಂದ ಬರುತ್ತ ಹೊಸ್ತಿಲಲ್ಲಿ ನಿಂತರು.

"ಏನ್ರಿ ಮಾಸ್ತರ್, ಮುಂಜಾನಿಂದ ತಿಕ್ಲತ್ತೀರಿ. ಎಲ್ಲಿಗಿ ಹೋಗ್ತದ ಇದು?"

"ಎಲ್ಲಿಗೂ ಇಲ್ಲ ಕಾಕಾ. ಸುತ್ತ ಹೊಡದು ಇಲ್ಲಿಗೇ ಬರ್ತದ."

"ಹಂಗಾದ್ರ ನಮ್ಮ ಔರಾದ್ ರೈಲಿನ ಸರ್ವೇ ಇದ್ದಂಗದ ಬಿಡ್ರಿ," ಎಂದು ಒಳಗೆ ಬಂದು, ಸ್ಟೂಲು ಎಳೆದುಕೊಂಡು ಕೂತರು. ಒಂದು ಸಲ ತಾವೂ ಓಡಿಸುತ್ತೇನೆಂದರು. ಗುಂಡಿಯನ್ನು ಟ್ರ್ಯಾಕ್ಟರಿನ ಎಕ್ಸಲೇಟರಿನಂತೆ ತುದಿ ಮುಟ್ಟಿಸಿದರು. ರೈಲು ಸುರಂಗ ನುಗ್ಗಿ, ತಿರುವಿನಲ್ಲಿ ವಾಲಿ, ಮೂರು ಡಬ್ಬಿ ಸಮೇತ ನೆಲಕ್ಕೆ ಹಾರಿತು. ಕಾಕಾ ಬಗ್ಗಿ ಹಳಿಯ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು.

"ಪಟ್ರಿ ಸಾಫ್ ಇಲ್ರಿ ಮಾಸ್ತರ್."