ವಜಾಗೊಂಡ ಹೆಡ್ ಗ್ಯಾಸ್ಕೆಟ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಹೆಡ್ ಗ್ಯಾಸ್ಕೆಟ್ ಅವರಿಗೆ,

ವಿಷಯ: ಬೋಟಿನ ಇಂಜಿನ್ನಿಗೆ ಉಪ್ಪುನೀರು ನುಗ್ಗಿದ ಪ್ರಕರಣದಲ್ಲಿ ವಿಚಾರಣೆಗೆ ಮುನ್ನವೇ ತಮ್ಮನ್ನು ಸೇವೆಯಿಂದ ವಜಾ ಮಾಡಿರುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಲಾಗುವುದೇನೆಂದರೆ, ಡಿಪ್‌ಸ್ಟಿಕ್ ಹೊರಗೆಳೆದು ಆಯಿಲ್ ಬೆಳ್ಳಗೆ ನೊರೆಗಟ್ಟಿರುವುದನ್ನು ಕಂಡ ಕೂಡಲೇ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂದು ತೀರ್ಪು ಕೊಡುವುದು, ಸಾಕ್ಷಿಗಳ ವಿಚಾರಣೆಯನ್ನು ಬಿಲ್ ಪಾವತಿಯಾದ ನಂತರಕ್ಕೆ ಮುಂದೂಡುವುದು ಬೋಟು ರಿಪೇರಿ ಲೋಕದ ಸಂಪ್ರದಾಯವಾಗಿದೆ. ಸಿಲಿಂಡರ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ತೆಳ್ಳಗೆ ಕುಳಿತು, ಉರಿಯುವ ಅನಿಲ, ಆಯಿಲ್, ಕೂಲಂಟ್ ಈ ಮೂರೂ ಒಂದರ ದಾರಿಗೆ ಇನ್ನೊಂದು ಬಾರದಂತೆ ಕಾಯುವ ತಾವು ನಿರಪರಾಧಿ ಎಂಬುದು, ತಮ್ಮನ್ನು ಕಿತ್ತು ಹೊಸಬರನ್ನು ಕೂರಿಸಿದ ಮೇಲೂ ಆಯಿಲ್ ಮತ್ತೆ ಬೆಳ್ಳಗಾದಾಗಲಷ್ಟೇ ಬೆಳಕಿಗೆ ಬರುತ್ತದೆ. ಮೊಸರು ತಿಂದದ್ದು ಮಂಗ, ಮೇಕೆಯ ಬಾಯಿಗೆ ಒರೆಸಿದ್ದು ಮೆಕ್ಯಾನಿಕ್.

ಮಂಗನ ವಿಳಾಸವೇನೂ ಗುಟ್ಟಿನದಲ್ಲ. ಅಮೆರಿಕದ ವಿಹಾರ ಬೋಟುಗಳಲ್ಲಿ ಬಹುಕಾಲ ಮೆರೆದ, ರಸ್ತೆಗೆಂದು ಹುಟ್ಟಿ ನಂತರ ನೀರಿಗಿಳಿದ ಶೆವರ್ಲೆ ಮೂಲದ 5.7 ಲೀಟರಿನ ವಿ-8 ಪೆಟ್ರೋಲ್ ಇಂಜಿನ್ನನ್ನೇ ನೋಡಿದರೆ, ಅದರ ಎರಡೂ ಪಕ್ಕಗಳಲ್ಲಿ ನಾಲ್ಕು ನಾಲ್ಕು ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಇದ್ದು, ಅದರ ಮೇಲೆ ಹೊಗೆಯನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು ಕೆಳಕ್ಕೆ ತಿರುಗಿಸುವ ‘ರೈಸರ್’ ಎಂಬ ಬಾಗಿದ ಕೊಳವೆ ಕುಳಿತಿರುತ್ತದೆ. ಇವುಗಳ ಗೋಡೆ ಎರಡು ಪದರದ್ದು. ನಡುವಿನ ಪೊಳ್ಳಿನಲ್ಲಿ ಪಂಪು ತಂದ ಸಮುದ್ರದ ನೀರು ಹರಿದು ಕಬ್ಬಿಣವನ್ನು ತಣಿಸಿ, ಇಳಿಜಾರಿನ ತುದಿಯಲ್ಲಿ ಹೊಗೆಯೊಂದಿಗೆ ಬೆರೆತು ಅದನ್ನೂ ತಣಿಸುತ್ತದೆ, ಮುಂದಿನ ರಬ್ಬರ್ ಹೋಸು ಸುಡದೆ ಉಳಿಯುವುದು ಈ ಬೆರಕೆಯ ಕೃಪೆ. ಬೆರೆಯುವ ಜಾಗಕ್ಕಿಂತ ಮೊದಲು ನೀರನ್ನೂ ಹೊಗೆಯನ್ನೂ ಬೇರೆಯಾಗಿ ಇಟ್ಟಿರುವುದು ಆ ಕಬ್ಬಿಣದ ಗೋಡೆ ಮತ್ತು ಮ್ಯಾನಿಫೋಲ್ಡ್-ರೈಸರ್ ಸಂದಿಯ ಒಂದು ಗ್ಯಾಸ್ಕೆಟ್, ಅಂದರೆ ತಮ್ಮದೇ ಕುಲದ, ಆದರೆ ತಮ್ಮಷ್ಟು ಹೆಸರು ಕೆಡಿಸಿಕೊಳ್ಳದ ದಾಯಾದಿ. ಉಪ್ಪು ಈ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ, ಮತ್ತು ಬಣ್ಣ ಚೆನ್ನಾಗಿರುವವರನ್ನು ಸಂಶಯಿಸುವ ಪದ್ಧತಿ ಇಲ್ಲ.

ಇಂಜಿನ್ ಓಡುವಾಗ ಹೊಗೆಯ ರಭಸವೇ ಸೋರಿದ ನೀರನ್ನು ಹೊರಕ್ಕೆ ತಳ್ಳುವುದರಿಂದ ಅಪರಾಧ ನಡೆಯುವುದು ಹೆಚ್ಚಾಗಿ ಇಂಜಿನ್ ನಿಂತ ಮೇಲೆ. ಪೊಳ್ಳಿನಲ್ಲಿ ಉಳಿದ ನೀರು ತುಕ್ಕು ಕೊರೆದ ಸಂದಿಯಿಂದ ತೊಟ್ಟಿಕ್ಕಿ, ತೆರೆದೇ ನಿಂತ ಎಕ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗಿಳಿದು, ಪಿಸ್ಟನ್ ರಿಂಗುಗಳ ಪಕ್ಕದಿಂದ ನುಸುಳಿ ಆಯಿಲ್ ಸೇರುತ್ತದೆ. ಪಿಸ್ಟನ್ ಪೂರ್ತಿ ಮೇಲಕ್ಕೆ ಬಂದಾಗ ಆ ಸಿಲಿಂಡರಿನಲ್ಲಿ ಉಳಿಯುವ ಜಾಗ ಸುಮಾರು 85 ಮಿಲಿಲೀಟರ್. ಅದಕ್ಕಿಂತ ಹೆಚ್ಚು ನೀರು ತುಂಬಿದ್ದರೆ, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲವಾದ್ದರಿಂದ, ಕೀಲಿ ತಿರುಗಿಸಿದೊಡನೆ ಇಂಜಿನ್ ‘ಟಕ್’ ಎಂದು ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುವುದೂ ಉಂಟು. ಇದಕ್ಕೆ ಶಾಸ್ತ್ರದಲ್ಲಿ ಹೈಡ್ರೋಲಾಕ್ ಎಂದು ಹೆಸರು. ಮಾಲೀಕರು ‘ಬ್ಯಾಟರಿ ವೀಕು’ ಎನ್ನುತ್ತಾರೆ.

ತಮ್ಮ ಪರವಾದ ಸಾಕ್ಷಿ ಕೂಲಂಟ್ ಟ್ಯಾಂಕಿನಲ್ಲೇ ಇತ್ತು. ಬ್ಲಾಕಿಗೆ ಕೂಲಂಟ್, ಮ್ಯಾನಿಫೋಲ್ಡಿಗೆ ಸಮುದ್ರದ ನೀರು ಎಂದು ಪಾಲು ಹಂಚಿರುವ ಇಂಜಿನ್ನುಗಳಲ್ಲಿ ತಾವು ಕೂಲಂಟನ್ನು ಆಯಿಲ್ಲಿಗೆ ಬಿಟ್ಟಿದ್ದರೆ ಟ್ಯಾಂಕಿನ ಮಟ್ಟ ಇಳಿಯಬೇಕು. ಮಟ್ಟ ಇಳಿಯದೆ ಆಯಿಲ್ ಮಾತ್ರ ಬೆಳ್ಳಗಾಗಿದ್ದರೆ ನೀರು ಬೇರೆ ದಾರಿಯಿಂದ ಬಂದಿದೆ ಎಂದು ತಿಳಿಯಲು ಕಮಿಷನ್ ನೇಮಿಸಬೇಕಾಗಿಲ್ಲ. (ಬ್ಲಾಕಿಗೂ ಸಮುದ್ರದ ನೀರನ್ನೇ ಕುಡಿಸುವ ಇಂಜಿನ್ನುಗಳಲ್ಲಿ ಈ ಸಾಕ್ಷಿ ಸಿಗದು, ಅಲ್ಲಿ ಸಿಲಿಂಡರಿಗೆ ಗಾಳಿ ತುಂಬಿ, ಅದು ಎಲ್ಲಿಂದ ಹೊರಡುತ್ತದೆಂದು ಕಿವಿಗೊಡುವುದೇ ಗತಿ.) ಎಂಟೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ಯಾವುದರ ತುದಿಗೆ ತುಕ್ಕು ಹಿಡಿದಿದೆ ಎಂದು ನೋಡಿದ್ದರೆ ಯಾವ ಪಕ್ಕದ ರೈಸರ್ ಎಂಬುದೂ ತಿಳಿಯುತ್ತಿತ್ತು. ಬೋಲ್ಟುಗಳನ್ನು ಸಡಿಲಿಸಿ ಆ ರೈಸರನ್ನು ಎತ್ತಿದ್ದರೆ, ಸಂದಿಯ ಮುಖದ ಮೇಲೆ ನೀರಿನ ರಂಧ್ರದಿಂದ ಹೊಗೆಯ ಬಾಯಿಯವರೆಗೆ ಎಳೆದ ಕೆಂಗಂದು ತುಕ್ಕಿನ ಗೆರೆ ಕಾಣುತ್ತಿತ್ತು. ಅದೂ ಸಾಲದೆಂದರೆ ಮ್ಯಾನಿಫೋಲ್ಡಿನ ನೀರಿನ ಬಾಯಿಗಳನ್ನೆಲ್ಲ ಮುಚ್ಚಿ, ಹದವಾದ ಒತ್ತಡದಲ್ಲಿ ಗಾಳಿ ಹಾಯಿಸಿ, ಸೋಪಿನ ನೀರು ಬಳಿದು ಗುಳ್ಳೆ ಏಳುವುದನ್ನು ನೋಡಬಹುದಿತ್ತು. ಆದರೆ ಸೋಪಿನ ಖರ್ಚು ಬಿಲ್ಲಿನಲ್ಲಿ ಶೋಭಿಸುವಂಥದ್ದಲ್ಲ.

ತಮ್ಮ ಕುಲವೆಲ್ಲ ಸಜ್ಜನರದೇ ಎಂದೂ ಇಲ್ಲಿ ವಾದಿಸುತ್ತಿಲ್ಲ. ಇಂಜಿನ್ ವಿಪರೀತ ಕಾದು ಹೆಡ್ಡೇ ಸೊಟ್ಟಗಾಗಿ, ಕೂಲಂಟ್ ದಿನೇ ದಿನೇ ಇಳಿಯುತ್ತಿದ್ದರೆ ಸಂಶಯ ತಮ್ಮ ಮೇಲೆ ಬರುವುದು ನ್ಯಾಯವೇ. ರೈಸರ್ ಸಂದಿಯಿಂದ ಹೊರಕ್ಕಾಗುವ ಸೋರಿಕೆಯ ವಿಷಯದಲ್ಲಿ ಮಾತ್ರ ಹಾಸ್ಯಕ್ಕೆ ಜಾಗವಿಲ್ಲ. ಸಂದಿಯ ಸುತ್ತ ಬೆಳ್ಳಗೆ ಕಟ್ಟಿದ ಉಪ್ಪಿನ ಪೊರೆಯನ್ನು ಒರೆಸಿ ಮೇಲೆ ಸಿಲಿಕೋನ್ ಪೇಸ್ಟ್ ಮೆತ್ತುವವರಿಗೆ, ನೀರು ಬರುವ ಸಂದಿಯಿಂದ ಹೊಗೆಯೂ ಬರಬಹುದು, ಆ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇದ್ದು ಕ್ಯಾಬಿನ್ನಿನಲ್ಲಿ ಮಲಗಿದವರು ಏಳದೇ ಹೋಗಬಹುದು ಎಂಬುದು ಹೊಳೆಯುವುದಿಲ್ಲ.

ಮೇಲಿನ ಎಲ್ಲ ಅಂಶಗಳನ್ನು ಪರಿಶೀಲಿಸಿ ತಮ್ಮ ವಜಾ ಆದೇಶವನ್ನು ರದ್ದುಪಡಿಸಲಾಗಿದೆ. ಆದರೆ ಒಮ್ಮೆ ಕಿತ್ತ ಹೆಡ್ ಗ್ಯಾಸ್ಕೆಟ್ಟನ್ನು ಮತ್ತೆ ಕೂರಿಸುವಂತಿಲ್ಲವಾದ್ದರಿಂದ ತಮ್ಮನ್ನು ಸೇವೆಗೆ ಮರಳಿ ತೆಗೆದುಕೊಳ್ಳಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

ಈ ಪತ್ರದ ಒಂದು ಪ್ರತಿಯನ್ನು ಮಾಹಿತಿಗಾಗಿ ರೈಸರ್ ಅವರಿಗೂ ಕಳುಹಿಸಲಾಗಿತ್ತು. ಹೊಸ ಬಣ್ಣ ಬಳಿಸಿಕೊಳ್ಳುತ್ತಿದ್ದ ಕಾರಣ ಅವರು ಸ್ವೀಕರಿಸಿರುವುದಿಲ್ಲ.