ಅತ್ತಿಯ ಪಹಣಿ

ಅಮೆರಿಕದಲ್ಲಿ ಜಾಮೀನು ಒಂದು ವ್ಯಾಪಾರ. ದುಡ್ಡು ಕಟ್ಟಿ ಬಿಡಿಸಲಿಕ್ಕೆ ಅಂಗಡಿಗಳಿವೆ. ಬಿಡಿಸಿಕೊಂಡವನು ಪರಾರಿಯಾದರೆ ಹಿಡಿದು ತರಲಿಕ್ಕೆ ಕೂಲಿಯ ಬೇಟೆಗಾರರಿದ್ದಾರೆ. ಜಾಮೀನುದಾರ ರಾಜ್ಯದ ಗಡಿ ದಾಟಿಯೂ ಬೆನ್ನಟ್ಟಬಹುದು, ಬೇಕಾದರೆ ಮನೆಯ ಬಾಗಿಲು ಮುರಿಯಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟು 1872ರಲ್ಲೇ ಹೇಳಿಬಿಟ್ಟಿದೆ. ಡಾಮಿನೋ ಹಾರ್ವೆ ಎಂಬಾಕೆ, ಸಿನಿಮಾ ನಟನ ಮಗಳು, ಲಾಸ್ ಏಂಜಲೀಸಿನಲ್ಲಿ ಇದೇ ಕಸುಬು ಮಾಡಿದಳು. 2005ರಲ್ಲಿ ಆಕೆಯ ಮೇಲೊಂದು ಸಿನಿಮಾನೂ ಬಂತು.

ನಮ್ಮ ಬಸವಕಲ್ಯಾಣದ ಕಡೆ ಈ ಕೆಲಸ ಸೋದರತ್ತಿಯದು. ಅವಳ ಹತ್ತಿರ ಬಂದೂಕಿಲ್ಲ, ಪಹಣಿ ಇದೆ. ಅಣ್ಣನ ಮಗ ಹೊಡೆದಾಟದ ಕೇಸಿನಲ್ಲಿ ಒಳಗಾದಾಗ ಗಂಡಸರೆಲ್ಲ "ನನ್ನ ಹೊಲದ ಮ್ಯಾಲ ಸೊಸೈಟಿ ಸಾಲ ಅದ" ಎಂದು ಜಾರಿಕೊಳ್ಳುತ್ತಾರೆ. ಕೊನೆಗೆ ಅತ್ತಿಯೇ ತೊಗರಿ ಹೊಲದ ಪಹಣಿ, ಆಧಾರ್ ಜೆರಾಕ್ಸು ಸೆರಗಿನಲ್ಲಿ ಮುಚ್ಚಿಕೊಂಡು ಕೋರ್ಟಿಗೆ ಬಂದು ಹೆಬ್ಬೆಟ್ಟು ಒತ್ತುತ್ತಾಳೆ. ಎರಡು ತಾರೀಖಿಗೆ ಹುಡುಗ ಹಾಜರು. ಮೂರನೆಯದಕ್ಕೆ ನಾಪತ್ತೆ.

ಓಡಿಹೋಗುವವನಿಗೆ ನಮ್ಮ ಸೀಮೆಯಷ್ಟು ಅನುಕೂಲ ಬೇರೆಲ್ಲಿದೆ! ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿಗೆ ಬಂದು ನಿಂತರೆ ಆ ಕಡೆ ಉಮರ್ಗಾ, ಸೊಲ್ಲಾಪುರ, ಪುಣೆ. ಈ ಕಡೆ ಹುಮನಾಬಾದ್, ಜಹೀರಾಬಾದ್, ಹೈದರಾಬಾದ್. ಒಂದೇ ರಸ್ತೆ, ಮೂರು ರಾಜ್ಯ. ಭಾಷೆಯ ತೊಡಕೂ ಇಲ್ಲ. ಮರಾಠಿ, ದಖ್ಖನಿ ನಮ್ಮ ಸಂತೆಯಲ್ಲೇ ಕಲಿತಾಗಿರುತ್ತದೆ.

ದಂಡ ಕಟ್ಟು, ಇಲ್ಲವೇ ಕಾರಣ ಹೇಳು ಎಂದು ಕೋರ್ಟಿನ ನೋಟಿಸು ಬಂದ ದಿನವೇ ಅತ್ತಿಯ ಬೇಟೆ ಶುರು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆದರೆ ಶಕ್ತಿ ಯೋಜನೆ ಅಂತರರಾಜ್ಯ ಬಸ್ಸಿಗೆ ನಡೆಯುವುದಿಲ್ಲ, ಅದು ಹುಡುಗನಿಗೂ ಗೊತ್ತು. ಹಾಗಾಗಿ ಅತ್ತಿ ಪುಣೆಗೆ ಹೋಗುವುದಿಲ್ಲ. ಅವನು ತಾನಾಗಿ ಬರುವ ಜಾಗ ಅವಳಿಗೆ ಗೊತ್ತಿದೆ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ; ಈ ಕಡೆಯವನು ಎಲ್ಲಿದ್ದರೂ ತೇರಿಗೆ ಬಂದೇ ಬರುತ್ತಾನೆ. ಬಳೆ ಅಂಗಡಿಯ ಮಗ್ಗುಲಲ್ಲಿ ಕುಂತವಳು ಎದ್ದು ಅಂಗಿಯ ಕೊರಳಪಟ್ಟಿಗೆ ಕೈ ಹಾಕುತ್ತಾಳೆ.

"ಯಾಕೋ, ತಾರೀಖ ಮರ್ತಿಯೇನು? ನಡಿ, ವಕೀಲರು ಕಾಯ್ಲಾಕತ್ತಾರ."

ಪೊಲೀಸರಿಂದ ತಪ್ಪಿಸಿಕೊಂಡವನು ಇಲ್ಲಿ ತಲೆ ತಗ್ಗಿಸಿ ನಡೆಯುತ್ತಾನೆ. ಅತ್ತಿಯ ಮಗಳನ್ನು ಮದುವೆಯಾಗಬೇಕಾದವನು ಎಲ್ಲಿಗಂತ ಓಡಿಯಾನು?

ಡಾಮಿನೋಗೆ ಕಮಿಷನ್ ಸಿಗುತ್ತಿತ್ತು. ಅತ್ತಿಗೆ ಹೋದ ಹೊಲ ಉಳಿದರೆ ಅದೇ ಇನಾಮು. ಹೆಬ್ಬೆಟ್ಟು ಒತ್ತಿಸಿಕೊಂಡವರು ಅವಳಿಗೆ ಹೇಳದ ಮಾತೊಂದಿದೆ: ಜಾಮೀನು ಬೇಡವೆನಿಸಿದರೆ ಯಾವಾಗ ಬೇಕಾದರೂ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟು ಬಿಡುಗಡೆ ಕೇಳಬಹುದು. ನಾಗರಿಕ ಸುರಕ್ಷಾ ಸಂಹಿತೆಯ 489ನೇ ಕಲಮು. ನಿಮ್ಮ ಮನೆಯಲ್ಲೂ ಇಂಥ ಅತ್ತಿ ಇದ್ದರೆ ಓದಿ ಹೇಳಿ.